ನಜ್ಜುಗುಜ್ಜಾದ ಗಾಡಿ ಯಾರದ್ದು?

ಅಪಘಾತವಾಗಿ ಎರಡು ಮೂರು ವಾರ ಕಳೆದ ಮೇಲೆ ಒಂದು ಫೋನ್ ಬರುತ್ತದೆ. ‘ಸಾರ್, ನಿಮ್ಮ ಗಾಡಿ ಟೋಟಲ್ ಲಾಸ್ ಆಗಿದೆ. ಗಾಡಿ ನೀವೇ ಇಟ್ಕೊಳ್ತೀರಾ, ಇಲ್ಲ ನಮಗೆ ಬಿಡ್ತೀರಾ? ಸಂಜೆಯೊಳಗೆ ಹೇಳಿ.’ ಆಸ್ಪತ್ರೆ ಬಿಲ್ಲು, ಪೊಲೀಸ್ ಸ್ಟೇಷನ್ನಿನ ಓಡಾಟ, ಮನೆಯವರ ಅಳು ಇನ್ನೂ ಮುಗಿದಿರುವುದಿಲ್ಲ. ಆಗಲೇ ಲಕ್ಷಗಟ್ಟಲೆ ರೂಪಾಯಿಯ ಪ್ರಶ್ನೆಗೆ ಸಂಜೆಯೊಳಗೆ ಉತ್ತರ ಹೇಳಬೇಕು.

ನಮ್ಮ ಓದುಗರು ಈ ಪ್ರಶ್ನೆಯನ್ನು ಆಗಾಗ ನಮಗೆ ಕಳಿಸುತ್ತಾರೆ. ಹೆಚ್ಚಿನವರು ಹಳದಿ ಬೋರ್ಡಿನವರು, ಒಂದೇ ಗಾಡಿ ನಂಬಿಕೊಂಡು ಸಂಸಾರ ಮಾಡುವವರು. ಗ್ಯಾರೇಜಿನಲ್ಲಿ ಕೇಳಿದರೆ ‘ಇಟ್ಕೊಳ್ಳಿ, ನಾವು ಎಬ್ಬಿಸಿಕೊಡ್ತೀವಿ’ ಎನ್ನುತ್ತಾರೆ. ಏಜೆಂಟರನ್ನು ಕೇಳಿದರೆ ‘ಬಿಟ್ಟುಬಿಡಿ, ತಲೆನೋವು ಬೇಡ’ ಎನ್ನುತ್ತಾರೆ. ಗುಜರಿಯವರು ಏನೂ ಹೇಳದೆ ಗಾಡಿಯ ಸುತ್ತ ಎರಡು ಸುತ್ತು ಬರುತ್ತಾರೆ. ಒಬ್ಬೊಬ್ಬರ ಉತ್ತರದಲ್ಲೂ ಅವರವರ ಲೆಕ್ಕ ಇರುತ್ತದೆ. ಹಾಗಾಗಿ ನಾವು ಸ್ವಲ್ಪ ಹಿಂದಕ್ಕೆ ಹೋಗಿ, ಈ ಪ್ರಶ್ನೆ ಎಲ್ಲಿ ಹುಟ್ಟಿತು, ನಮ್ಮ ಊರಿನ ಗ್ಯಾರೇಜಿನವರೆಗೆ ಹೇಗೆ ಬಂತು ಎಂದು ನೋಡಲು ಹೊರಟೆವು. ನೋಡಿದರೆ ಅದು ಕಾರಿಗಿಂತ ಹಳೆಯದು. ಹುಟ್ಟಿದ್ದು ರಸ್ತೆಯಲ್ಲಲ್ಲ, ಸಮುದ್ರದಲ್ಲಿ.

1680ರ ದಶಕದಲ್ಲಿ ಲಂಡನ್ನಿನ ಟವರ್ ಸ್ಟ್ರೀಟ್‌ನಲ್ಲಿ ಎಡ್ವರ್ಡ್ ಲಾಯ್ಡ್ ಎಂಬಾತ ಒಂದು ಕಾಫಿ ಅಂಗಡಿ ಇಟ್ಟಿದ್ದ. 1691ರಲ್ಲಿ ಅದು ಲೊಂಬಾರ್ಡ್ ಸ್ಟ್ರೀಟಿಗೆ ಹೋಯಿತು. ಹಡಗಿನ ಮಾಲೀಕರು, ಕಪ್ತಾನರು, ಸಾಹುಕಾರರು ಅಲ್ಲಿ ಸೇರುತ್ತಿದ್ದರು. ಹಡಗು ಹೊರಡುವ ಮುಂಚೆ ಮಾಲೀಕ ಒಂದು ಕಾಗದದಲ್ಲಿ ಹಡಗಿನ ವಿವರ ಬರೆದು ಮೇಜಿನ ಮೇಲೆ ಇಡುವನು. ಅದು ಮುಳುಗಿದರೆ ನಾನಿಷ್ಟು ಕೊಡುತ್ತೇನೆ ಎಂದು ಸಾಹುಕಾರರು ಒಬ್ಬರ ಕೆಳಗೊಬ್ಬರು ಹೆಸರು ಬರೆಯುವರು. ವಿಮೆ ಕಂಪನಿಗಳಲ್ಲಿ ಇವತ್ತಿಗೂ ಬಳಸುವ ‘ಅಂಡರ್‌ರೈಟರ್’ ಎಂಬ ಪದ ಬಂದದ್ದು ಹೀಗೆ, ಕೆಳಗೆ ಬರೆಯುವವನು ಎಂದು.

ಹಡಗು ಪೂರ್ತಿ ಮುಳುಗಿದರೆ ತಕರಾರಿಲ್ಲ. ಆದರೆ ಮುಳುಗದೆ, ಎಲ್ಲೋ ದೂರದ ಬಂಡೆಗೆ ಸಿಕ್ಕಿಕೊಂಡು ಮುರಿದು ನಿಂತರೆ? ಎಳೆದು ತಂದು ರಿಪೇರಿ ಮಾಡಿಸುವ ಖರ್ಚು ಹಡಗಿನ ಬೆಲೆಗಿಂತ ಹೆಚ್ಚಾದರೆ? ಆಗ ಮಾಲೀಕ ವಿಮೆದಾರರಿಗೆ ಒಂದು ನೋಟಿಸು ಕೊಡುತ್ತಿದ್ದ. ಹಡಗನ್ನು ನಾನು ಬಿಟ್ಟುಕೊಟ್ಟಿದ್ದೇನೆ, ಉಳಿದದ್ದು ನಿಮ್ಮದು, ನನಗೆ ಪೂರ್ತಿ ಹಣ ಕೊಡಿ. ಹಣ ಕೊಟ್ಟವರಿಗೆ ಆ ಹಡಗಿನ ಹಲಗೆ, ಕೂವೆಮರ, ಲಂಗರು ಎಲ್ಲ ಸೇರುತ್ತಿತ್ತು. ಇದರ ಹಿಂದಿನ ನ್ಯಾಯ ಸರಳ. ವಿಮೆ ಇರುವುದು ನಷ್ಟ ತುಂಬಲಿಕ್ಕೆ, ಲಾಭ ಮಾಡಿಕೊಳ್ಳಲಿಕ್ಕಲ್ಲ. ಪೂರ್ತಿ ಹಣವೂ ಸಿಕ್ಕಿ ಹಲಗೆ ಮಾರಿದ ದುಡ್ಡೂ ಸಿಗುವಂತಿದ್ದರೆ, ಕೆಲವರು ಬೇಕೆಂದೇ ಹಡಗನ್ನು ಬಂಡೆಗೆ ಹೊಡೆಸುತ್ತಿದ್ದರು.

ಹೀಗೆ ಸೇರಿದ ಅವಶೇಷ ಯಾವಾಗಲೂ ಲಾಭ ತರುತ್ತಿತ್ತು ಎಂದಲ್ಲ. 1799ರ ಅಕ್ಟೋಬರಿನಲ್ಲಿ ‘ಲ್ಯೂಟೀನ್’ ಎಂಬ ಬ್ರಿಟಿಷ್ ಯುದ್ಧನೌಕೆ ಚಿನ್ನ ಹೊತ್ತು ಹೋಗುವಾಗ ಹಾಲೆಂಡಿನ ಕರಾವಳಿಯಲ್ಲಿ ಮುಳುಗಿತು. ಚಿನ್ನಕ್ಕೆ ಲಾಯ್ಡ್ಸ್‌ನಲ್ಲಿ ವಿಮೆ ಇತ್ತು, ಅಲ್ಲಿಯವರು ಪೂರ್ತಿ ಹಣ ಕೊಟ್ಟರು. ಲೆಕ್ಕದ ಪ್ರಕಾರ ಸಮುದ್ರದ ತಳದ ಚಿನ್ನ ಅವರದ್ದಾಯಿತು. ಆದರೆ ಆಗ ಎರಡು ದೇಶಗಳ ನಡುವೆ ಯುದ್ಧ. ಡಚ್ಚರು ಅದು ತಮ್ಮದೆಂದರು. ತಕರಾರು ಮುಗಿದ ಮೇಲೂ ಮುಳುಗುಗಾರರು, ದೋಣಿಗಳು, ಯಂತ್ರಗಳು ಎಂದು ಹತ್ತಾರು ವರ್ಷ ಖರ್ಚು ಮಾಡಿದರೂ ಮೇಲೆ ಬಂದದ್ದು ಸ್ವಲ್ಪವೇ ಚಿನ್ನ. 1858ರಲ್ಲಿ ಹಡಗಿನ ಗಂಟೆಯೊಂದು ಸಿಕ್ಕಿತು. ಅದು ಇವತ್ತಿಗೂ ಲಾಯ್ಡ್ಸ್ ಕಟ್ಟಡದಲ್ಲಿ ತೂಗುತ್ತಿದೆ. ಅವಶೇಷ ಕೈಗೆ ಬಂದರೆ ಸಾಲದು, ಅದರಿಂದ ಏನಾದರೂ ಎತ್ತಲು ಎಷ್ಟು ಖರ್ಚಾಗುತ್ತದೆ ಎಂಬುದೇ ಮುಖ್ಯ. ಈ ಕಥೆಯಲ್ಲಿ ಹಡಗು ತೆಗೆದು ಸ್ವಿಫ್ಟ್ ಡಿಸೈರ್ ಇಟ್ಟು ನೋಡಿ, ಲೆಕ್ಕ ಬದಲಾಗುವುದಿಲ್ಲ.

ಈ ಹಳೆಯ ರೂಢಿಗಳನ್ನು ಬ್ರಿಟನ್ 1906ರ ಸಾಗರ ವಿಮೆ ಕಾಯ್ದೆಯಲ್ಲಿ ಬರೆದಿಟ್ಟಿತು. ಭಾರತವೂ 1963ರಲ್ಲಿ ಬಹುಮಟ್ಟಿಗೆ ಅದೇ ಮಾದರಿಯ ಕಾಯ್ದೆ ಮಾಡಿಕೊಂಡಿತು. ಅಲ್ಲಿ ನಷ್ಟಕ್ಕೆ ಎರಡು ಹೆಸರು. ವಸ್ತು ನಿಜಕ್ಕೂ ಇಲ್ಲವಾದರೆ ಒಂದು. ವಸ್ತು ಕಣ್ಣೆದುರಿಗೇ ಇದೆ, ಆದರೆ ರಿಪೇರಿ ಮಾಡಿಸಿದರೆ ಗಿಟ್ಟುವುದಿಲ್ಲ ಎಂದಾದರೆ ಇನ್ನೊಂದು, ‘ಕನ್‌ಸ್ಟ್ರಕ್ಟಿವ್ ಟೋಟಲ್ ಲಾಸ್’. ನಮ್ಮ ಕಾರುಗಳಿಗೆ ಅಂಟುವುದು ಈ ಎರಡನೆಯದು. ಎಷ್ಟು ಖರ್ಚಾದರೆ ಗಿಟ್ಟುವುದಿಲ್ಲ ಎನ್ನಬೇಕು? ಬ್ರಿಟಿಷ್ ಕಾಯ್ದೆ, ರಿಪೇರಿ ಖರ್ಚು ರಿಪೇರಿಯಾದ ಹಡಗಿನ ಬೆಲೆಯನ್ನು ದಾಟಬೇಕು ಎಂದಿತು. ಅಮೆರಿಕದ ಹಳೆಯ ರೂಢಿಯಲ್ಲಿ ಅರ್ಧ ದಾಟಿದರೆ ಸಾಕಿತ್ತು. ಅಂದರೆ ಈ ಗೆರೆಯನ್ನು ದೇವರು ಎಳೆದದ್ದಲ್ಲ. ಆಯಾ ಕಾಲದಲ್ಲಿ ಆಯಾ ದೇಶದವರು ಕೂತು ಎಳೆದದ್ದು.

ನಮ್ಮಲ್ಲಿ ಮೋಟಾರು ವಾಹನಗಳಿಗೆ ಮೊದಲ ಅಖಿಲ ಭಾರತ ಕಾಯ್ದೆ ಬಂದದ್ದು 1914ರಲ್ಲಿ. ಆಮೇಲೆ 1939ರದ್ದು ಬಂತು. ಎದುರಿನವರಿಗೆ ಆಗುವ ಹಾನಿಗೆ ವಿಮೆ ಇರಲೇಬೇಕು ಎಂಬ ಭಾಗ ಜಾರಿಯಾಗಿದ್ದು 1946ರ ಜುಲೈ 1ರಿಂದ. ಸ್ವಂತ ಗಾಡಿಗೆ ಆಗುವ ಹಾನಿಯ ವಿಮೆ ಆಗಲೂ ಕಡ್ಡಾಯವಲ್ಲ, ಈಗಲೂ ಅಲ್ಲ. ಥರ್ಡ್ ಪಾರ್ಟಿ ಮಾತ್ರ ಮಾಡಿಸಿದವರಿಗೆ ಸಂಜೆಯೊಳಗೆ ಹೇಳಿ ಎನ್ನುವ ಫೋನ್ ಬರುವುದೇ ಇಲ್ಲ. ಗಾಡಿಯೂ ಅವರದ್ದೇ, ನಷ್ಟವೂ ಅವರದ್ದೇ.

ಸ್ವಾತಂತ್ರ್ಯದ ನಂತರದ ಮೂರು ನಾಲ್ಕು ದಶಕಗಳಲ್ಲಿ ಕಾರನ್ನು ‘ಮುಗಿಯಿತು’ ಎಂದು ಬಿಡುವ ಮಾತೇ ನಮ್ಮ ಜನರಿಗೆ ವಿಚಿತ್ರವಾಗಿ ಕೇಳುತ್ತಿತ್ತು ಎಂದು ನಮಗನ್ನಿಸುತ್ತದೆ. ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್, ಇಷ್ಟೇ ಹೆಸರು. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಹೊಸದು ಸಿಗದ ಕಾಲದಲ್ಲಿ ಹಳೆಯದನ್ನು ಬಿಡುವವರು ಯಾರು? ಮುಂದಿನ ಭಾಗ ಪುಡಿಯಾದ ಅಂಬಾಸಿಡರನ್ನೂ ಟಿಂಕರಿಂಗ್‌ನವರು ವಾರಗಟ್ಟಲೆ ಸುತ್ತಿಗೆ ಹಿಡಿದು ಕೂತು ಎಬ್ಬಿಸುತ್ತಿದ್ದರು. ತಗಡು ದಪ್ಪ, ಕೂಲಿ ಅಗ್ಗ, ಒಂದು ಗಾಡಿಯ ಬಾಗಿಲು ಇನ್ನೊಂದಕ್ಕೆ ಕೂರುತ್ತಿತ್ತು. ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈನ ಪುದುಪೇಟೆ, ದೆಹಲಿಯ ಮಾಯಾಪುರಿ, ಮೀರತ್‌ನ ಸೋತಿಗಂಜ್ ಥರದ ಬಿಡಿಭಾಗಗಳ ಪೇಟೆಗಳಿಗೆ ಹೆಸರು ಬಂದದ್ದೂ ಈ ಅಭಾವದಿಂದಲೇ. ‘ಇಟ್ಕೊಳ್ಳಿ, ಎಬ್ಬಿಸಿಕೊಡ್ತೀವಿ’ ಎಂಬ ಗ್ಯಾರೇಜಿನವರ ಮಾತಿನಲ್ಲಿ ಆ ಕಾಲದ ಆತ್ಮವಿಶ್ವಾಸ ಇನ್ನೂ ಇದೆ. ಗಾಡಿಗಳು ಮಾತ್ರ ಬದಲಾಗಿವೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. 1990ರ ದಶಕದಲ್ಲಿ ಹೊರಗಿನ ಕಂಪನಿಗಳು ಬಂದವು. ಈಗಿನ ಕಾರುಗಳಲ್ಲಿ ಡಿಕ್ಕಿಯ ಏಟನ್ನು ತಾನು ತಿಂದು ಒಳಗಿದ್ದವರನ್ನು ಉಳಿಸಲೆಂದೇ ಮುದುರಿಕೊಳ್ಳುವ ಭಾಗಗಳಿರುತ್ತವೆ. ಒಮ್ಮೆ ಮುದುರಿದ್ದನ್ನು ಸುತ್ತಿಗೆಯಿಂದ ನೆಟ್ಟಗೆ ಮಾಡಬಹುದು. ಎರಡನೇ ಸಲ ಅದು ಮೊದಲಿನಂತೆಯೇ ಮುದುರುತ್ತದೆ ಎನ್ನಲು ಬರುವುದಿಲ್ಲ.

ಇತ್ತ ವಿಮೆಯ ಕಡೆಯೂ ಬದಲಾವಣೆ ನಡೆದಿತ್ತು. 1968ರ ತಿದ್ದುಪಡಿಯಿಂದ ಲೈಸೆನ್ಸ್ ಇರುವ ಸರ್ವೇಯರ್ ಎಂಬ ವ್ಯಕ್ತಿ ಕಾನೂನಿನೊಳಗೆ ಬಂದ, ದರ ಗೊತ್ತುಮಾಡಲು ಟ್ಯಾರಿಫ್ ಸಮಿತಿಯೂ ಬಂತು. 1973ರ ಜನವರಿ 1ರಿಂದ ಸಾಮಾನ್ಯ ವಿಮೆ ರಾಷ್ಟ್ರೀಕರಣವಾಗಿ 107 ಸಂಸ್ಥೆಗಳು ನ್ಯಾಷನಲ್, ನ್ಯೂ ಇಂಡಿಯಾ, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕು ಸರ್ಕಾರಿ ಕಂಪನಿಗಳಾದವು. ಆಗಿನ ಪಾಲಿಸಿಯಲ್ಲಿ ಗಾಡಿಯ ಬೆಲೆ ಎಂದು ಮಾಲೀಕನೇ ಒಂದು ಅಂದಾಜು ಬರೆಯುತ್ತಿದ್ದ, ಅದರ ಮೇಲೆ ಪ್ರೀಮಿಯಂ ಕಟ್ಟುತ್ತಿದ್ದ. ಗಾಡಿ ನಜ್ಜುಗುಜ್ಜಾದಾಗ ಮಾತ್ರ ಕಂಪನಿ ಆ ಅಂಕಿ ಬಿಟ್ಟು ‘ಅಪಘಾತದ ದಿನದ ಮಾರುಕಟ್ಟೆ ಬೆಲೆ’ ಎನ್ನುತ್ತಿತ್ತು. ಪ್ರೀಮಿಯಂಗೆ ಒಂದು ಬೆಲೆ, ಪರಿಹಾರಕ್ಕೆ ಇನ್ನೊಂದು. 1986ರ ಗ್ರಾಹಕ ರಕ್ಷಣೆ ಕಾಯ್ದೆ ಬಂದ ಮೇಲೆ ಇಂಥ ಜಗಳಗಳು ಜಿಲ್ಲಾ ವೇದಿಕೆಗಳ ಮೆಟ್ಟಿಲು ಹತ್ತಿದವು. 2008ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋದ ಅಂಥದ್ದೊಂದು ಪ್ರಕರಣದಲ್ಲಿ, ಪಾಲಿಸಿ ಕೊಡುವಾಗ ಒಪ್ಪಿಕೊಂಡ ಬೆಲೆಯಿಂದ ಕಂಪನಿ ಆಮೇಲೆ ಹಿಂದೆ ಸರಿಯುವಂತಿಲ್ಲ ಎಂಬ ಮಾತು ಬಂತು. ಸರ್ವೇಯರ್ ವರದಿಯೇ ಕೊನೆಯ ಮಾತಲ್ಲ ಎಂದು ಅದೇ ಕೋರ್ಟು 2009ರಲ್ಲಿ ಹೇಳಿತು. ಈ ಎರಡನೇ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಮ್ಮ ಹಳ್ಳಿಗಳಲ್ಲಿ ಸರ್ವೇಯರ್ ಬರೆದದ್ದೆಂದರೆ ತಹಶೀಲ್ದಾರರ ಆದೇಶ ಎಂಬಷ್ಟು ಹೆದರಿಕೆ ಇದೆ.

ಈ ಗೊಂದಲಕ್ಕೆ ಒಂದು ಕೊನೆ ಹಾಕಿದ್ದು 2002ರ ಜುಲೈ 1ರಿಂದ ಜಾರಿಯಾದ ಇಂಡಿಯಾ ಮೋಟಾರ್ ಟ್ಯಾರಿಫ್. ನಿಮ್ಮ ಪಾಲಿಸಿಯಲ್ಲಿ ‘ಐಡಿವಿ’ ಎಂದು ಕಾಣುವ ಅಂಕಿ ಬಂದದ್ದು ಆಗಲೇ. ಕಂಪನಿಯ ಹೊಸ ಗಾಡಿಯ ಬೆಲೆ ತೆಗೆದುಕೊಂಡು ವಯಸ್ಸಿಗೆ ತಕ್ಕಂತೆ ಕಳೆಯುವುದು. ಆರು ತಿಂಗಳವರೆಗೆ ಶೇ 5, ವರ್ಷದೊಳಗೆ ಶೇ 15, ಎರಡು ವರ್ಷದೊಳಗೆ ಶೇ 20, ಮೂರರೊಳಗೆ ಶೇ 30, ನಾಲ್ಕರೊಳಗೆ ಶೇ 40, ಐದರೊಳಗೆ ಶೇ 50. ಆ ಪಾಲಿಸಿ ವರ್ಷದಲ್ಲಿ ಗಾಡಿ ಪೂರ್ತಿ ಹಾಳಾದರೆ ಅದೇ ಅಂಕಿ, ಮತ್ತೆ ಸವಕಳಿ ಕಳೆಯುವಂತಿಲ್ಲ. ಟೋಟಲ್ ಲಾಸ್‌ನ ಗೆರೆಯನ್ನೂ ಅಲ್ಲೇ ಎಳೆದರು. ಗಾಡಿಯನ್ನು ಬಿದ್ದ ಜಾಗದಿಂದ ಎತ್ತಿ ತರುವ ಖರ್ಚು, ರಿಪೇರಿ ಖರ್ಚು ಎರಡೂ ಸೇರಿ ಐಡಿವಿಯ ಶೇ 75 ದಾಟಿದರೆ ಗಾಡಿ ಟೋಟಲ್ ಲಾಸ್. ಘಾಟಿಯ ಕೆಳಗೆ ಉರುಳಿದ ಗಾಡಿಗೆ ಕ್ರೇನ್ ಬಾಡಿಗೆಯೂ ಈ ಲೆಕ್ಕಕ್ಕೆ ಸೇರುತ್ತದೆ. 2007ರ ಜನವರಿಯಿಂದ ಟ್ಯಾರಿಫ್ ದರಗಳು ಹೋದವು, ಕಂಪನಿಗಳು ತಮ್ಮ ಪ್ರೀಮಿಯಂ ತಾವೇ ಗೊತ್ತುಮಾಡತೊಡಗಿದವು. ಆದರೆ ಶೇ 75ರ ಮಾತು ಪಾಲಿಸಿಗಳಲ್ಲಿ ಉಳಿಯಿತು.

ಐದು ವರ್ಷ ದಾಟಿದ ಗಾಡಿಗೆ ಪಟ್ಟಿ ಇಲ್ಲ. ಕಂಪನಿ ಮತ್ತು ಮಾಲೀಕ ಮಾತಾಡಿಕೊಂಡು ಬೆಲೆ ಗೊತ್ತುಮಾಡಬೇಕು. ನಮ್ಮ ಹಳ್ಳಿಗಳ ಗಾಡಿಗಳಲ್ಲಿ ಬಹುಪಾಲು ಈ ವಯಸ್ಸಿನವೇ. ಮಾತಾಡಿಕೊಳ್ಳುವುದು ಎಂದರೆ ಇಲ್ಲಿ ಏನು? ಏಜೆಂಟ್ ಫೋನ್ ಮಾಡಿ ‘ಅಣ್ಣಾ, ಐಡಿವಿ ಸ್ವಲ್ಪ ಇಳಿಸಿದ್ರೆ ಪ್ರೀಮಿಯಂ ಎರಡು ಸಾವಿರ ಕಮ್ಮಿ ಆಗುತ್ತೆ’ ಎನ್ನುತ್ತಾರೆ, ನಾವು ಹೂಂ ಎನ್ನುತ್ತೇವೆ. ಐಡಿವಿ ಇಳಿದರೆ ಪರಿಹಾರ ಕಮ್ಮಿಯಾಗುವುದಷ್ಟೇ ಅಲ್ಲ, ಶೇ 75ರ ಗೆರೆಯೂ ಕೆಳಗಿಳಿಯುತ್ತದೆ. ಐಡಿವಿ 4 ಲಕ್ಷ ಇದ್ದರೆ 3 ಲಕ್ಷದವರೆಗಿನ ರಿಪೇರಿಗೆ ಜಾಗವಿದೆ. ಅದನ್ನು 2 ಲಕ್ಷಕ್ಕೆ ಇಳಿಸಿಕೊಂಡವರಿಗೆ ಒಂದೂವರೆ ಲಕ್ಷದ ರಿಪೇರಿಯಾದರೆ ಗೆರೆ ಮುಟ್ಟಿತು. ಏರ್‌ಬ್ಯಾಗ್ ಬಿಚ್ಚಿಕೊಂಡು, ರೇಡಿಯೇಟರ್, ಬಾನೆಟ್, ಹೆಡ್‌ಲೈಟ್ ಹೋದರೆ ಶೋರೂಮಿನ ಎಸ್ಟಿಮೇಟ್ ಅಷ್ಟಾಗಲು ದೊಡ್ಡ ಅಪಘಾತವೇ ಬೇಕಿಲ್ಲ. ಓಡಬಹುದಾದ ಗಾಡಿ ಕಾಗದದಲ್ಲಿ ಸತ್ತುಹೋಗುವುದು ಹೀಗೆ.

ಗಾಡಿ ವಾಪಸ್ ಇಟ್ಟುಕೊಳ್ಳುವ ಆಸೆ ಹುಟ್ಟುವುದೂ ಇದೇ ಸಂದಿಯಲ್ಲಿ. ಶೋರೂಮು ಹೊಸ ಸಾಮಾನು, ತನ್ನ ಕೂಲಿ ದರ ಹಾಕಿ 4 ಲಕ್ಷ ಬರೆದದ್ದನ್ನು ನಮ್ಮ ತಾಲ್ಲೂಕಿನ ಗ್ಯಾರೇಜು ಸೆಕೆಂಡ್ ಹ್ಯಾಂಡ್ ಸಾಮಾನು ಹಾಕಿ ಎರಡು, ಎರಡೂವರೆಗೆ ಮಾಡುತ್ತೇನೆ ಎನ್ನುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ನಾವು ಲೆಕ್ಕಕ್ಕೆಂದು ಇಟ್ಟುಕೊಂಡವು. ಹೊಸದರ ಬೆಲೆ 8 ಲಕ್ಷ ಇರುವ ಗಾಡಿ, ಮೂರು ವರ್ಷ ದಾಟಿದೆ, ನಾಲ್ಕಾಗಿಲ್ಲ. ಶೇ 40 ಕಳೆದರೆ ಐಡಿವಿ 4.8 ಲಕ್ಷ. ಅದರ ಶೇ 75 ಎಂದರೆ 3.6 ಲಕ್ಷ. ಎಸ್ಟಿಮೇಟ್ 4 ಲಕ್ಷ ಬಂತು, ಟೋಟಲ್ ಲಾಸ್ ಆಯಿತು. ಕಂಪನಿ ಸಾಲ್ವೇಜ್ ಖರೀದಿದಾರರಿಂದ ಬೆಲೆ ತರಿಸಿತು, ಹೆಚ್ಚಿನ ಕೂಗು 1.5 ಲಕ್ಷ. ಗಾಡಿ ಬಿಟ್ಟರೆ ಒಂದೆರಡು ಸಾವಿರದ ಕಡ್ಡಾಯ ಕಡಿತ ಹೋಗಿ 4.8 ಲಕ್ಷ. ಗಾಡಿ ಇಟ್ಟುಕೊಂಡರೆ 3.3 ಲಕ್ಷ.

ಇಲ್ಲಿ ಬಹಳ ಜನರಿಗೆ ಕಾಣುವುದು ‘3.3 ಲಕ್ಷ ದುಡ್ಡೂ ಬಂತು, ಗಾಡಿಯೂ ಉಳಿಯಿತು’ ಎಂದು. ಹಾಗಲ್ಲ. ಹಳೆಯ ಹಡಗಿನ ನ್ಯಾಯವೇ ಇಲ್ಲಿಯೂ ನಡೆಯುತ್ತಿದೆ. ಪೂರ್ತಿ ಹಣ ಕೊಟ್ಟ ಕ್ಷಣಕ್ಕೆ ಅವಶೇಷ ಕಂಪನಿಯದ್ದು. ನೀವು ಅದನ್ನು 1.5 ಲಕ್ಷಕ್ಕೆ ಕಂಪನಿಯಿಂದ ಕೊಳ್ಳುತ್ತಿದ್ದೀರಿ. ನಿಮ್ಮದೇ ಗಾಡಿಯಾಗಿತ್ತು ಎಂಬುದು ಮನಸ್ಸಿನ ಮಾತು, ಲೆಕ್ಕದ ಮಾತಲ್ಲ. ಬೇರೆ ಯಾರದ್ದೋ ಇದೇ ಮುರಿದ ಗಾಡಿ ಗ್ಯಾರೇಜಿನಲ್ಲಿ ನಿಂತಿದ್ದರೆ 1.5 ಲಕ್ಷ ಎಣಿಸಿ ಕೊಡುತ್ತಿದ್ದಿರಾ? ರಿಪೇರಿಗೆ 2.3 ಲಕ್ಷ ಎಂದುಕೊಳ್ಳಿ, ಒಟ್ಟು 3.8 ಲಕ್ಷ ಆಯಿತು. ಬಿಚ್ಚಿದ ಮೇಲೆ ಮೊದಲು ಕಾಣದ್ದು ಕಾಣುತ್ತದೆ, ಗೇರ್‌ಬಾಕ್ಸಿನ ಬಿರುಕು, ಸೊಟ್ಟಗಾದ ಸಸ್ಪೆನ್ಷನ್. 4 ಲಕ್ಷ ದಾಟಲು ಹೆಚ್ಚು ಹೊತ್ತು ಬೇಡ. ಆ ದುಡ್ಡಿಗೆ ಪೆಟ್ಟು ತಿನ್ನದ ಅದೇ ವಯಸ್ಸಿನ ಗಾಡಿ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಬೇಕು. ಸಾಲ್ವೇಜ್ ಬೆಲೆ 1.5 ಲಕ್ಷದ ಬದಲು 70 ಸಾವಿರ ಇದ್ದು, ಪೆಟ್ಟು ಬರೀ ಬಾಗಿಲು, ಡಿಕ್ಕಿ, ಬಂಪರಿಗೆ ಬಿದ್ದಿದ್ದರೆ ಮಾತು ಬೇರೆ. ಆಗ ಇಟ್ಟುಕೊಂಡವರು ಗೆದ್ದದ್ದೂ ಉಂಟು. ಹಾಗಾಗಿ ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು ಆ ಕೂಗಿನ ಬಗ್ಗೆ. ಎಷ್ಟು ಜನ ಕೂಗಿದರು, ಆರ್‌ಸಿ ಸಮೇತ ಕೂಗಿದರೋ ಆರ್‌ಸಿ ಇಲ್ಲದೆ ಕೂಗಿದರೋ? ಬರವಣಿಗೆಯಲ್ಲಿ ಕೇಳಿ, ವಾಟ್ಸಾಪ್ ಆದರೂ ಸರಿ.

ಸಾಲದ ಗಾಡಿಯಾದರೆ ಲೆಕ್ಕ ಇನ್ನೂ ಬಿಗಿ. ಪಾಲಿಸಿಯಲ್ಲಿ ಫೈನಾನ್ಸಿನವರ ಹೆಸರಿದ್ದರೆ ಹಣ ಮೊದಲು ಹೋಗುವುದು ಅವರಿಗೆ. ಮೇಲಿನ ಗಾಡಿಯ ಮೇಲೆ 4.2 ಲಕ್ಷ ಸಾಲ ಬಾಕಿ ಇದೆ ಎನ್ನಿ. ಬಿಟ್ಟರೆ ಸಾಲ ತೀರಿ ಸುಮಾರು 60 ಸಾವಿರ ಕೈಗೆ ಬರುತ್ತದೆ, ಗಾಡಿ ಇರುವುದಿಲ್ಲ. ಇಟ್ಟುಕೊಂಡರೆ 3.3 ಲಕ್ಷವೂ ಫೈನಾನ್ಸಿಗೆ ಹೋಗಿ 90 ಸಾವಿರ ಸಾಲ ಉಳಿಯುತ್ತದೆ. ರಿಪೇರಿಯ 2.3 ಲಕ್ಷಕ್ಕೆ ಬೇರೆ ಸಾಲ ಹುಡುಕಬೇಕು. ಚಕ್ರ ತಿರುಗುವ ಮುಂಚೆಯೇ 3.2 ಲಕ್ಷದ ಹೊರೆ. ಅಷ್ಟರಲ್ಲಿ ಬಾಡಿಗೆಯ ದುಡಿಮೆ ಇಲ್ಲ, ಗ್ಯಾರೇಜಿನವರು ಗಾಡಿ ನಿಂತ ದಿನಕ್ಕಿಷ್ಟು ಎಂದು ಎಣಿಸುತ್ತಿರುತ್ತಾರೆ. ಮನೆಯ ಹೆಂಗಸರ ಸಂಘದ ಸಾಲ ಇಂಥ ರಿಪೇರಿಗೆ ಹೋದದ್ದನ್ನು ನಾವು ಒಂದಕ್ಕಿಂತ ಹೆಚ್ಚು ಊರಿನಲ್ಲಿ ನೋಡಿದ್ದೇವೆ. ಆ ಸಾಲದ ಕಂತು ವಾರಕ್ಕೊಮ್ಮೆ ಬಾಗಿಲಿಗೆ ಬರುತ್ತದೆ. ಗಾಡಿ ರೋಡಿಗಿಳಿದರೆ ಸರಿ, ಇಳಿಯದಿದ್ದರೆ ಕಟ್ಟಬೇಕಾದವರು ಆ ಹೆಂಗಸರು. ಈ ನಿರ್ಧಾರಕ್ಕೆ ಅವರನ್ನೂ ಕೂರಿಸಿಕೊಂಡು ಮಾತಾಡಬೇಕು ಎಂಬುದು ನಮ್ಮ ಅಭಿಪ್ರಾಯ.

ಇಷ್ಟು ಕಬ್ಬಿಣದ ಮಾತಾಯಿತು. ಇನ್ನು ಕಾಗದದ್ದು. ನಮ್ಮ ದೇಶದ ಕಥೆ ಬೇರೆ ದೇಶಗಳಿಗಿಂತ ಬೇರೆ ದಾರಿ ಹಿಡಿದದ್ದು ಇಲ್ಲಿಯೇ.

ಬ್ರಿಟನ್ನಿನಲ್ಲಿ ಹಾಳಾದ ಗಾಡಿಗೆ ಎ, ಬಿ, ಎಸ್, ಎನ್ ಎಂಬ ನಾಲ್ಕು ದರ್ಜೆಗಳಿವೆ. ಈ ರೂಪದಲ್ಲಿ ಬಂದದ್ದು 2017ರ ಅಕ್ಟೋಬರಿನಲ್ಲಿ. ಎ ಎಂದರೆ ಪೂರ್ತಿ ಪುಡಿ ಮಾಡಬೇಕು. ಬಿ ಎಂದರೆ ಬಿಡಿಭಾಗ ತೆಗೆಯಬಹುದು, ಬಾಡಿ ಪುಡಿಯಾಗಬೇಕು. ಎಸ್ ಎಂದರೆ ಗಾಡಿಯ ಅಸ್ಥಿಪಂಜರಕ್ಕೇ ಪೆಟ್ಟು, ರಿಪೇರಿ ಮಾಡಬಹುದು. ಎನ್ ಎಂದರೆ ಅಸ್ಥಿಪಂಜರ ಸರಿಯಿದೆ. ಅಮೆರಿಕದ ರಾಜ್ಯಗಳಲ್ಲಿ ಇಂಥ ಗಾಡಿಯ ಹಕ್ಕುಪತ್ರದ ಮೇಲೆಯೇ ‘ಸಾಲ್ವೇಜ್’ ಎಂಬ ಮುದ್ರೆ ಬೀಳುತ್ತದೆ. ಮುಂದೆ ಕೊಳ್ಳುವವನಿಗೆ ಗೊತ್ತಾಗಲಿ ಎಂದು. ನಮ್ಮ ಆರ್‌ಸಿಯಲ್ಲಿ ಅಂಥ ಜಾಗವೇ ಇಲ್ಲ. ಇರುವುದು 1988ರ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್. ಗಾಡಿ ನಾಶವಾದರೆ ಅಥವಾ ಇನ್ನೆಂದೂ ಬಳಸಲಾಗದಂತಾದರೆ ಮಾಲೀಕ 14 ದಿನದಲ್ಲಿ ಅಥವಾ ಆದಷ್ಟು ಬೇಗ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಆದರೆ ರಿಪೇರಿ ಮಾಡಿದರೆ ಓಡುತ್ತದೆ ಎಂಬ ಗಾಡಿ ಈ ಸೆಕ್ಷನ್ನಿಗೆ ಸಿಕ್ಕಬೇಕೋ ಬೇಡವೋ? ವಿಮೆಯ ಕಾಗದದಲ್ಲಿ ಪೂರ್ತಿ ನಷ್ಟ, ಆರ್‌ಟಿಒ ಕಾಗದದಲ್ಲಿ ಜೀವಂತ. ಒಂದೇ ಗಾಡಿಗೆ ಎರಡು ಜಾತಕ.

ಈ ಎರಡು ಜಾತಕದ ನಡುವೆ ಒಂದು ಕಳ್ಳದಂಧೆ ಬೆಳೆಯಿತು. ಪುಡಿಯಾದ ಗಾಡಿಯನ್ನು ಆರ್‌ಸಿ ಸಮೇತ ಕೊಳ್ಳುವುದು. ಅದೇ ಮಾಡೆಲ್ಲಿನ, ಅದೇ ಬಣ್ಣದ ಗಾಡಿಯೊಂದನ್ನು ಕದಿಯುವುದು. ಸತ್ತ ಗಾಡಿಯ ಚಾಸಿಸ್ ನಂಬರನ್ನು ಕದ್ದ ಗಾಡಿಗೆ ಕೂರಿಸುವುದು. 2020ರಲ್ಲಿ ಲಖನೌ ಪೊಲೀಸರು ಇಂಥದ್ದೊಂದು ಜಾಲ ಹಿಡಿದಾಗ ಹತ್ತಾರು ಕಾರುಗಳು ಸಿಕ್ಕವು. ಮುಂದಿನ ವರ್ಷದ ಡಿಸೆಂಬರಿನಲ್ಲಿ, ಕದ್ದ ಗಾಡಿಗಳ ಆರೋಪ ಹೊತ್ತ ಮೀರತ್‌ನ ಸೋತಿಗಂಜ್ ಪೇಟೆಯನ್ನು ಪೊಲೀಸರು ಮುಚ್ಚಿಸಿದರು. ಕಬ್ಬಿಣದ ತೂಕಕ್ಕೆ ಮೂವತ್ತು ಸಾವಿರವೂ ಬಾಳದ ಗಾಡಿಗೆ ಯಾರಾದರೂ ಆರ್‌ಸಿ ಇದ್ದರೆ ಲಕ್ಷ ಕೊಡುತ್ತೇನೆ ಎಂದರೆ, ಅವರು ಕೊಳ್ಳುತ್ತಿರುವುದು ಕಬ್ಬಿಣವನ್ನೋ ನಿಮ್ಮ ಹೆಸರಿನ ಕಾಗದವನ್ನೋ ಎಂದು ಯೋಚಿಸಬೇಕು. ಸಾಲ್ವೇಜಿನ ಕೂಗು ಆರ್‌ಸಿ ಸಮೇತವೋ ಅಲ್ಲವೋ ಎಂದು ಕೇಳಿ ಎಂದು ನಾವು ಹೇಳಿದ್ದು ಅದಕ್ಕೇ.

ನಮ್ಮ ಕಡೆ ಇದರ ಬಿಸಿ ತಟ್ಟುವುದು ಬೇರೆ ರೀತಿ. ಗಾಡಿಯನ್ನು ಕಂಪನಿಗೆ ಬಿಟ್ಟೆವು, ಗುಜರಿಯವರು ಬಂದು ಎಳೆದುಕೊಂಡು ಹೋದರು, ಫಾರಂಗಳಿಗೆ ಖಾಲಿ ಇರುವಾಗಲೇ ಸಹಿ ಹಾಕಿ ಕೊಟ್ಟೆವು, ಹಣ ಬಂತು, ಮರೆತೆವು. ಆ ಗಾಡಿ ಎಲ್ಲೋ ಎದ್ದು ನಿಂತು, ಹೆಸರು ಬದಲಾಗದೆ, ವಿಮೆ ಇಲ್ಲದೆ ಓಡುತ್ತಿದ್ದು ಯಾರಿಗಾದರೂ ಗುದ್ದಿದರೆ? ಕಾಯ್ದೆಯ ಪ್ರಕಾರ ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು. ಗಾಡಿ ಮಾರಿ ಕೈ ಬದಲಾಗಿದ್ದರೂ ದಾಖಲೆಯಲ್ಲಿ ಹೆಸರಿರುವವರೇ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ನೋಟಿಸು ಬರುವುದು ನಿಮ್ಮ ಮನೆಗೆ. ಹಾಗಾಗಿ ‘ಬಿಟ್ಟುಬಿಡಿ, ತಲೆನೋವು ಬೇಡ’ ಎನ್ನುವ ಏಜೆಂಟರ ಮಾತೂ ಅರ್ಧ ಸತ್ಯವೇ. ಬಿಡುವುದಾದರೆ ಆರ್‌ಸಿ ರದ್ದಾದ ಅಥವಾ ಹೆಸರು ಬದಲಾದ ದಾಖಲೆ ಕೈಗೆ ಬರುವವರೆಗೆ ಬೆನ್ನು ಹತ್ತಬೇಕು. ಗಾಡಿ ಎಳೆದುಕೊಂಡು ಹೋದವರ ಹೆಸರು, ವಿಳಾಸ, ಗುರುತಿನ ಚೀಟಿ, ತಾರೀಖು ಬರೆಸಿಟ್ಟುಕೊಂಡಿರಬೇಕು. ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿದರೆ ಆರ್‌ಸಿಯ ಸ್ಥಿತಿ ಫೋನಿನಲ್ಲೇ ಕಾಣುತ್ತದೆ.

ಇಟ್ಟುಕೊಂಡವರಿಗೂ ಕಾಗದದ ಕೆಲಸ ಇದೆ. ಟೋಟಲ್ ಲಾಸ್ ಹಣ ಕೊಟ್ಟ ಮೇಲೆ ಹಳೆಯ ಪಾಲಿಸಿಯ ಕಥೆ ಮುಗಿಯಿತು. ಎಬ್ಬಿಸಿದ ಗಾಡಿಗೆ ಹೊಸ ಪಾಲಿಸಿ ಬೇಕು. ಪೂರ್ತಿ ವಿಮೆ ಕೊಡುವ ಮುಂಚೆ ಕಂಪನಿಯವರು ಗಾಡಿ ನೋಡುತ್ತಾರೆ, ಹಳೆಯ ಕ್ಲೇಮನ್ನೂ ನೋಡುತ್ತಾರೆ, ಬೇಡವೆನ್ನಲೂಬಹುದು. ಹಳದಿ ಬೋರ್ಡಿಗೆ ಎಫ್‌ಸಿ ಆಗಬೇಕು. ಇವೆರಡನ್ನೂ ರಿಪೇರಿಗೆ ಕೈಹಾಕುವ ಮುಂಚೆ ವಿಚಾರಿಸಿ, ಆಮೇಲಲ್ಲ. ಏರ್‌ಬ್ಯಾಗಿನ ಮಾತಂತೂ ಹೇಳಲೇಬೇಕು. ಬಿಚ್ಚಿಕೊಂಡ ಏರ್‌ಬ್ಯಾಗನ್ನು ಬದಲಿಸದೆ, ಮೇಲಿನ ಮುಚ್ಚಳ ಮಾತ್ರ ಅಂಟಿಸಿ, ಡ್ಯಾಶ್‌ಬೋರ್ಡಿನ ದೀಪ ಆರಿಸಿ ಕೊಡುವ ಕೆಲಸ ನಡೆಯುತ್ತದೆ. ನೋಡಲು ಎಲ್ಲ ಸರಿ ಇರುತ್ತದೆ.

ನೀರು ಹೊಕ್ಕ ಗಾಡಿಗಳದ್ದು ಇನ್ನೊಂದು ಅಧ್ಯಾಯ. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. 2015ರ ಡಿಸೆಂಬರಿನಲ್ಲಿ ಚೆನ್ನೈ, 2018ರಲ್ಲಿ ಕೇರಳ ಮತ್ತು ನಮ್ಮ ಕೊಡಗು, 2019ರಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು ಸುತ್ತಮುತ್ತ. ಡಿಕ್ಕಿಯ ಪೆಟ್ಟು ಕಣ್ಣಿಗೆ ಕಾಣುತ್ತದೆ, ನೀರಿನದ್ದು ಕಾಣುವುದಿಲ್ಲ. ತೊಳೆದು ಒರೆಸಿದರೆ ಹೊಸದರ ಹಾಗೆ ಹೊಳೆಯುತ್ತದೆ. ವೈರಿಂಗಿನ ಜೋಡಣೆಗಳೊಳಗೆ ಹೊಕ್ಕ ಕೆಸರು ನೀರು ಮಾತ್ರ ತಿಂಗಳುಗಟ್ಟಲೆ ನಿಧಾನಕ್ಕೆ ತಿನ್ನುತ್ತಾ ಹೋಗುತ್ತದೆ. ಒಂದು ದಿನ ಪವರ್ ವಿಂಡೋ, ಇನ್ನೊಂದು ದಿನ ಸ್ಟಾರ್ಟಿಂಗ್, ಮತ್ತೊಂದು ದಿನ ಘಾಟಿ ಇಳಿಯುವಾಗ ಎಬಿಎಸ್. ಡ್ಯಾಶ್‌ಬೋರ್ಡಿನ ಮಟ್ಟಕ್ಕೆ ನೀರು ಏರಿದ್ದ ಗಾಡಿಯನ್ನು ಎಷ್ಟು ಅಗ್ಗಕ್ಕೆ ಸಿಕ್ಕರೂ ಇಟ್ಟುಕೊಳ್ಳಬೇಡಿ ಎಂದೇ ನಾವು ಹೇಳುತ್ತೇವೆ. ಸೆಕೆಂಡ್ ಹ್ಯಾಂಡ್ ಗಾಡಿ ನೋಡುವವರು ಸೀಟಿನ ಕೆಳಗಿನ ಹಳಿಗಳಲ್ಲಿ ತುಕ್ಕು, ಸೀಟ್ ಬೆಲ್ಟ್ ಪೂರ್ತಿ ಎಳೆದಾಗ ಕಾಣುವ ಕೆಸರಿನ ಗೆರೆ, ಸ್ಟೆಪ್ನಿ ಇಡುವ ಗುಂಡಿಯ ಮಣ್ಣು ನೋಡಬೇಕು.

ಈಗ ಮೂರನೇ ದಾರಿಯೊಂದು ತೆರೆದಿದೆ. 2021ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ನೋಂದಾಯಿತ ಗುಜರಿ ಕೇಂದ್ರಗಳಿಗೆ ನಿಯಮ ಮಾಡಿತು. ಅಲ್ಲಿ ಗಾಡಿ ಒಪ್ಪಿಸಿದರೆ ಠೇವಣಿ ಪ್ರಮಾಣಪತ್ರ ಕೊಡುತ್ತಾರೆ, ಗಾಡಿಯನ್ನು ಒಡೆದ ದಾಖಲೆ ಸಿಗುತ್ತದೆ, ಆರ್‌ಸಿ ರದ್ದತಿಗೆ ಆಧಾರ ಸಿಗುತ್ತದೆ. ಆ ಪ್ರಮಾಣಪತ್ರಕ್ಕೆ ಹೊಸ ಗಾಡಿ ಕೊಳ್ಳುವಾಗ ರಿಯಾಯಿತಿಯೂ ಇದೆ. ಅಲ್ಲಿ ಸಿಗುವ ಬೆಲೆ ಬಹುತೇಕ ಕಬ್ಬಿಣದ ತೂಕದ್ದು, ಆರ್‌ಸಿ ಸಮೇತ ಕೊಳ್ಳುವವರ ಕೂಗಿಗಿಂತ ಕಮ್ಮಿ. ತಾಲ್ಲೂಕಿನಿಂದ ಅಲ್ಲಿಗೆ ಎಳೆಸಿಕೊಂಡು ಹೋಗುವ ಖರ್ಚೂ ನಿಮ್ಮದೇ. ಹೀಗಾಗಿ ಹೆಚ್ಚಿನ ಗಾಡಿಗಳು ಇನ್ನೂ ಹಳೆಯ ದಾರಿಯಲ್ಲೇ ಹೋಗುತ್ತಿವೆ. ಸಂಜೆಯೊಳಗೆ ಹೇಳಿ ಎನ್ನುವ ಫೋನ್ ಬಂದರೆ ಕಂಪನಿಯವರಿಗೆ ಒಂದೇ ಮಾತು ಹೇಳಿ: ಎಸ್ಟಿಮೇಟ್, ಸರ್ವೇಯರ್ ವರದಿ, ಸಾಲ್ವೇಜಿನ ಕೂಗುಗಳು, ಈ ಮೂರೂ ಕಾಗದ ಕಳಿಸಿ, ನೋಡಿ ಹೇಳುತ್ತೇವೆ. ಆ ಕಾಗದಗಳನ್ನು ಹಿಡಿದು ಪಕ್ಕದ ತಾಲ್ಲೂಕಿನ, ನಿಮ್ಮ ಪರಿಚಯವಿಲ್ಲದ ಮೆಕ್ಯಾನಿಕ್ ಒಬ್ಬರಿಗೆ ಐನೂರು ರೂಪಾಯಿ ಕೊಟ್ಟು, ಗಾಡಿಯ ಅಡಿಭಾಗ ನೋಡಿ ಬರಲು ಹೇಳಿ. ರಿಪೇರಿ ಕೆಲಸ ಆತನಿಗೆ ಸಿಗುವುದಿಲ್ಲ ಎಂದು ಮೊದಲೇ ಹೇಳಿಬಿಡಿ.